ಮೆದುಗಲ್ಲಿಗೆ ಕೈಯೇ ಸಾಕು



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಒಂದು ಪ್ರಶ್ನೆ ಕೇಳಿದ್ದಾನೆ. ಮಗಳಿಗೆಂದು ಅವನು ಕಲ್ಲುಗಳನ್ನು ಉರುಳಿಸಿ ಹೊಳಪು ಬರಿಸುವ ಪುಟ್ಟ ಯಂತ್ರವೊಂದನ್ನು ತರಿಸಿದ್ದಾನಂತೆ. ಯಂತ್ರದೊಡನೆ ಬಂದ ಕಲ್ಲುಗಳು ಮುಗಿದುಹೋಗಿವೆ. ಈಗ ನಮ್ಮ ಯಲವಿಗಿ, ಸವಣೂರು ಕಡೆಯ ಕಲ್ಲುಗಳನ್ನೇ ಹಾಕಬೇಕೆಂಬ ಆಸೆ. ಯಾವುದನ್ನು ಆರಿಸಿಕೊಳ್ಳಲಿ ಎಂದು ಕೇಳಿದ. ದೂರವಾಣಿಯಲ್ಲಿ ಎರಡು ಮಾತು ಹೇಳಿದೆನಾದರೂ ವಿಷಯ ಅಷ್ಟಕ್ಕೆ ಮುಗಿಯುವಂಥದಲ್ಲ. ನಿವೃತ್ತಿಯ ನಂತರ ನನಗೂ ಅಂಟಿಕೊಂಡಿರುವ ಹವ್ಯಾಸವಿದು. ಹಿತ್ತಲ ಕಟ್ಟೆಯ ಮೇಲೆ ಬೋಗುಣಿ ಇಟ್ಟುಕೊಂಡು ಕಲ್ಲು ಉಜ್ಜುತ್ತ ಕುಳಿತವನನ್ನು ಕಂಡು ನಗುವವರೂ ಉಂಟು, ನಗಲಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯ ಮೆದುಗಲ್ಲಿಗೆ ಯಂತ್ರ ಬೇಡ, ಕೈಯೇ ಸಾಕು. ಕೈಯಿಂದ ಒಮ್ಮೆ ಉಜ್ಜಿ ನೋಡಿದವನು ಊರಿನ ಹಳೆಯ ವೀರಗಲ್ಲಿನ ಮೇಲೋ ಶಾಸನದ ಮೇಲೋ ಉಜ್ಜುವ ಯಂತ್ರ ಹಿಡಿಯಲು ಎಂದೂ ಒಪ್ಪಲಾರ. ಈ ಎರಡನೆಯ ಮಾತಿಗಾಗಿಯೇ ಇಷ್ಟು ಬರೆಯುತ್ತಿರುವೆ.

ಮೊದಲು ಯಂತ್ರದ ವಿಷಯ. ಅದೊಂದು ರಬ್ಬರಿನ ಪೀಪಾಯಿ. ಮೂರರಲ್ಲಿ ಎರಡು ಭಾಗ ಕಲ್ಲು ತುಂಬಿ, ಸಿಲಿಕಾನ್ ಕಾರ್ಬೈಡ್ ಎಂಬ ಅತಿ ಗಟ್ಟಿಯಾದ ಪುಡಿಯನ್ನೂ ನೀರನ್ನೂ ಹಾಕಿ ಮುಚ್ಚಿದರೆ ಮೋಟಾರು ಅದನ್ನು ಹಗಲಿರುಳು ಉರುಳಿಸುತ್ತದೆ. ಮೊದಲ ವಾರ ದಪ್ಪ ಪುಡಿ, ಎರಡನೆಯ ವಾರ ಸಣ್ಣದು, ಮೂರನೆಯ ವಾರ ಇನ್ನೂ ಸಣ್ಣದು, ಕೊನೆಗೆ ಹೊಳಪಿನ ಪುಡಿ. ಹೀಗೆ ಸುಮಾರು ಒಂದು ತಿಂಗಳ ಕೆಲಸ. ಹಳ್ಳಿಯಲ್ಲಾದರೆ ನಡುವೆ ವಿದ್ಯುತ್ತು ಕೈಕೊಟ್ಟು, ಕೆಸರು ತಳಕ್ಕಿಳಿದು, ತಿಂಗಳು ಒಂದೂವರೆ ತಿಂಗಳಾದೀತು. ಹೊಳೆ ಸಾವಿರಾರು ವರ್ಷ ಮಾಡುವುದನ್ನು ಇದು ಒಂದು ತಿಂಗಳಲ್ಲಿ ಮಾಡುತ್ತದೆ ಎಂದು ಹೊಗಳುವುದುಂಟು. ಹೋಲಿಕೆ ಸರಿಯೇ. ಆದರೆ ಹೊಳೆ ಯಾವ ಕಲ್ಲನ್ನು ಗುಂಡಗೆ ಮಾಡಿ ದಡಕ್ಕೆ ಬಿಡುತ್ತದೆ ಎಂಬುದನ್ನೂ ನೋಡಬೇಕಲ್ಲವೇ? ವರದಾ ತುಂಗಭದ್ರೆಯನ್ನು ಕೂಡುವ ಗಳಗನಾಥದ ದಡದಲ್ಲಿ ಬೊಗಸೆ ತುಂಬ ಹರಳುಗಳನ್ನು ಎತ್ತಿಕೊಳ್ಳಿ; ಹೆಚ್ಚಿನವು ಬೆಣಚುಕಲ್ಲು, ಇಲ್ಲವೇ ಅದರಷ್ಟೇ ಗಟ್ಟಿಯಾದ ಬೇರೆ ಕಲ್ಲು. ಅವುಗಳ ಜೊತೆಯಲ್ಲೇ ಉರುಳುತ್ತ ಬಂದ ಮೆದುಗಲ್ಲು ಏನಾಯಿತು? ದಾರಿಯಲ್ಲಿ ಸವೆದು, ಒಡೆದು, ಕೆಸರಾಗಿ ಹೋಯಿತು. ಪೀಪಾಯಿಯಲ್ಲೂ ಅದೇ ಆಗುತ್ತದೆ. ಬೆಣಚುಕಲ್ಲಿನೊಡನೆ ಬಳಪದ ಕಲ್ಲನ್ನು ಹಾಕಿ ಉರುಳಿಸಿದರೆ ವಾರದ ಕೊನೆಗೆ ಬೆಣಚು ಇರುತ್ತದೆ, ಬಳಪದ ಕಲ್ಲಿನ ಬದಲು ಹಸುರು ಬೂದುಬಣ್ಣದ ರಾಡಿ ಇರುತ್ತದೆ. ಮೆದುಗಲ್ಲುಗಳನ್ನಷ್ಟೇ ಬೇರೆಯಾಗಿ ಹಾಕಿ, ನಡುವೆ ಪ್ಲಾಸ್ಟಿಕ್ ಮಣಿಗಳನ್ನು ಮೆತ್ತೆಯಂತೆ ತುಂಬಿ, ದಪ್ಪ ಪುಡಿಯನ್ನು ಬಿಟ್ಟು, ದಿನಕ್ಕೊಮ್ಮೆ ತೆರೆದು ನೋಡಿ ಮಾಡುವವರಿದ್ದಾರೆ. ಅಮೃತಶಿಲೆ, ಸುಣ್ಣಕಲ್ಲುಗಳಿಗೆ ಅದು ನಡೆದೀತು. ಪದರುಪದರಾಗಿ ಏಳುವ ನಮ್ಮ ಕಲ್ಲಿಗೆ ಆ ಪಾಡೂ ವ್ಯರ್ಥ. ಆದ್ದರಿಂದ ಆ ವಿದ್ಯಾರ್ಥಿಗೆ ಹೇಳಿದ್ದಿಷ್ಟೇ: ಯಂತ್ರಕ್ಕೆ ಹೊಲದ ಬದುವಿನಲ್ಲಿ ಸಿಗುವ ಬಿಳಿಯ ಬೆಣಚುಕಲ್ಲನ್ನು ಹಾಕು, ಮೆದುಗಲ್ಲನ್ನು ಮಗಳ ಕೈಗೆ ಕೊಡು.

ಮೆದು ಎಂದರೆ ಎಷ್ಟು ಮೆದು? ಎಂಟನೆಯ ತರಗತಿಯಲ್ಲಿ ನಿಮಗೆಲ್ಲ ಮೋಸ್ ಎಂಬ ಜರ್ಮನ್ ವಿಜ್ಞಾನಿಯ ಗಡಸುತನದ ಪಟ್ಟಿ ಬರೆಸಿದ್ದು ನೆನಪಿರಬಹುದು. ಒಂದನೆಯದು ಟಾಲ್ಕ್, ಎರಡು ಜಿಪ್ಸಮ್, ಮೂರು ಕ್ಯಾಲ್ಸೈಟ್, ಏಳು ಬೆಣಚು, ಹತ್ತು ವಜ್ರ. ನಮ್ಮ ಉಗುರು ಎರಡೂವರೆ, ಗಾಜು ಐದೂವರೆಯ ಆಸುಪಾಸು. ಉಗುರಿನಿಂದ ಗೀರಿದರೆ ಗೀರು ಬೀಳುವ ಕಲ್ಲು ಮೆದುಗಲ್ಲು. ಗಾಜಿನ ಮೇಲೆ ತಾನೇ ಗೀರು ಹಾಕುವುದು ಗಡಸುಗಲ್ಲು. ಪರೀಕ್ಷೆಗೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ.

ಬಳಪದ ಕಲ್ಲು ಎಂಬ ಹೆಸರೇ ನೋಡಿ, ಎಷ್ಟು ಚೆನ್ನಾಗಿದೆ! ಪಾಟಿಯ ಮೇಲೆ ಅಕ್ಷರ ತಿದ್ದಿಸಿದ ಕಲ್ಲು ಎಂದು ಹೆಸರಿನಲ್ಲೇ ಇದೆ. ಅದರಲ್ಲಿ ಟಾಲ್ಕ್ ಹೆಚ್ಚಿರುವುದರಿಂದ ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ. ಅದರ ಸೋದರಸಂಬಂಧಿ ಕ್ಲೋರೈಟ್ ಶಿಸ್ಟ್. ತುಸು ಗಟ್ಟಿ, ಹಸುರು ಛಾಯೆ. ಮಾತಿನಲ್ಲಿ ಎರಡನ್ನೂ ಬಳಪದ ಕಲ್ಲೆಂದೇ ಕರೆಯುತ್ತೇವೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಭಾಗದ ಶಿಲಾಶ್ರೇಣಿಗೆ ನಮ್ಮ ಹಳೆಯ ಜಿಲ್ಲೆಯ ಹೆಸರನ್ನೇ ಇಟ್ಟ. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಅವು ಧಾರವಾಡ ಶಿಲೆಗಳೇ. ವಯಸ್ಸು 250 ಕೋಟಿ ವರ್ಷಗಳಿಗೂ ಮೇಲ್ಪಟ್ಟದ್ದು. ಎಮ್ಮೆ ಕಟ್ಟುವ ಗೂಟದ ಪಕ್ಕದಲ್ಲಿ ಬಿದ್ದಿರುವ ಚಕ್ಕೆಗೆ ಅಷ್ಟು ವಯಸ್ಸು ಎಂದರೆ ಮಕ್ಕಳು ಮೊದಲು ನಂಬುತ್ತಿರಲಿಲ್ಲ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಈಗ ಕೈಯ ಕೆಲಸ. ಬೇಕಾದ ಸಾಮಾನು ಬಣ್ಣದ ಅಂಗಡಿಯಲ್ಲೇ ಸಿಗುತ್ತದೆ. ನೀರಿನಲ್ಲಿ ಉಜ್ಜುವ ಕಪ್ಪು ಉಪ್ಪುಕಾಗದ, ಅಂಗಡಿಯವರ ಮಾತಿನಲ್ಲಿ ವಾಟರ್ ಪೇಪರ್. ಅದರ ಬೆನ್ನ ಮೇಲೆ 120, 220, 400, 600, 1000 ಎಂದು ಅಂಕಿ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಕಾಗದ ನಯ. ಒಂದು ಬೋಗುಣಿ ನೀರು, ಹಳೆಯ ಅರ ಒಂದು, ಹಳೆಯ ಹತ್ತಿಬಟ್ಟೆ, ಚೂರು ಜೇನುಮೇಣ. ಇಷ್ಟೇ. ಕಲ್ಲನ್ನು ನದಿಯಲ್ಲಾಗಲಿ ಗುಡಿಯ ಸುತ್ತಲಾಗಲಿ ಹುಡುಕಬೇಡಿ. ಮೂರ್ತಿ ಕೆತ್ತುವ ಶಿಲ್ಪಿಗಳ ಅಂಗಳದಲ್ಲಿ ಉಳಿದ ಚಕ್ಕೆಗಳ ರಾಶಿ ಇರುತ್ತದೆ. ಕೇಳಿದರೆ ನಗುತ್ತ ಕೊಡುತ್ತಾರೆ.

ಮೊದಲು ಚಕ್ಕೆಯನ್ನು ನೀರಿನಲ್ಲಿ ನೆನೆಸಿ ಅದರ ಪದರು ಯಾವ ಕಡೆಗಿದೆ ಎಂದು ನೋಡಿಕೊಳ್ಳಿ. ಪದರಿಗೆ ಎದುರಾಗಿ ಒತ್ತಿದರೆ ಅಂಚು ಏಳುತ್ತದೆ. ಮೊನೆಗಳನ್ನು ಅರದಿಂದ ತೆಗೆದು, 120ರ ಕಾಗದವನ್ನು ನೀರಿನೊಳಗೇ ಹಿಡಿದು ಒಂದೇ ದಿಕ್ಕಿಗೆ ಉಜ್ಜಿ. ಆಕಾರ ಬಂದ ಮೇಲೆ 220. ಈಗ ಮೊದಲಿನ ದಿಕ್ಕಿಗೆ ಅಡ್ಡಲಾಗಿ. ಹಳೆಯ ಗೀರುಗಳೆಲ್ಲ ಅಳಿದು ಹೊಸ ದಿಕ್ಕಿನ ಗೀರುಗಳಷ್ಟೇ ಉಳಿದಾಗ ಮುಂದಿನ ಕಾಗದ. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ನೀರಿನ ಹೊಳಪಿನಲ್ಲಿ ಗೀರು ಕಾಣದು. ಪ್ರತಿ ಹಂತದಲ್ಲೂ ಒರೆಸಿ, ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಮಕ್ಕಳು ಅವಸರ ಮಾಡುವುದು ಇಲ್ಲಿಯೇ. 220ರಿಂದ ನೇರ 1000ಕ್ಕೆ ಹಾರಿದರೆ ಹೊಳಪಿನ ನಡುವೆ ಕೂದಲೆಳೆಯಂಥ ಗೀರುಗಳು ಉಳಿದು, ಮರಳಿ 220ಕ್ಕೇ ಬರಬೇಕಾಗುತ್ತದೆ. 1000 ಮುಗಿದ ಮೇಲೆ ಬೆಚ್ಚಗಿನ ಕಲ್ಲಿಗೆ ಮೇಣ ಸವರಿ ಹತ್ತಿಬಟ್ಟೆಯಿಂದ ತಿಕ್ಕಿದರೆ, ಬೂದುಬಣ್ಣದ್ದೆಂದು ತಿಳಿದಿದ್ದ ಕಲ್ಲಿನೊಳಗಿನಿಂದ ಹಸುರು ಮಿಶ್ರಿತ ಕಪ್ಪು ಮೇಲೆದ್ದು ಬರುತ್ತದೆ. ಕೊಬ್ಬರಿ ಎಣ್ಣೆಯನ್ನೂ ಹಚ್ಚಬಹುದು, ಆದರೆ ಕೆಲವು ದಿನಗಳಲ್ಲಿ ಕಮಟು ವಾಸನೆ ಬರುತ್ತದೆ. ಅಂಗೈಯಗಲದ ಕಲ್ಲಿಗೆ ಎರಡು ಸಂಜೆ ಸಾಕು.

ನೀರಿನೊಳಗೇ ಉಜ್ಜಿ ಎಂದು ಎರಡು ಬಾರಿ ಹೇಳಿದ್ದಕ್ಕೆ ಕಾರಣವಿದೆ. ಅದನ್ನು ಅವಸರದಲ್ಲಿ ದಾಟಲಾರೆ. ನಮ್ಮ ಪಾಟಿಯ ಕಾಲದ ಕಡ್ಡಿಗಳೆಲ್ಲ ಬಳಪದ ಕಲ್ಲಿನವಲ್ಲ. ಗಟ್ಟಿಯಾದ ಬೂದು ಕಡ್ಡಿಗಳು ಜೇಡುಶಿಲೆಯವು. ಮಧ್ಯಪ್ರದೇಶದ ಮಂದಸೌರ್ ಆ ಕಡ್ಡಿಗಳ ಉದ್ಯಮಕ್ಕೆ ಹೆಸರಾದ ಊರು. ಅಲ್ಲಿ ಕಲ್ಲನ್ನು ಯಂತ್ರದ ಗರಗಸದಿಂದ ಒಣಗಿದಂತೆಯೇ ಕೊಯ್ಯುತ್ತಿದ್ದರು. ಜೇಡುಶಿಲೆಯಲ್ಲಿರುವ ಬೆಣಚಿನ ನುಣುಪು ಧೂಳು ಶ್ವಾಸಕೋಶಕ್ಕಿಳಿದು ಅಲ್ಲಿಯೇ ನೆಲೆನಿಂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಅದಕ್ಕೆ ಮದ್ದಿಲ್ಲ. 1980ರ ದಶಕದಲ್ಲಿ ಪ್ರಕಟವಾದ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ತಪಾಸಣೆಗೊಳಗಾದ ಕಡ್ಡಿ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಕಂಡುಬಂತು. ಹರೆಯದಲ್ಲೇ ಸತ್ತವರು ಎಷ್ಟೋ. ನಾವು ಒಂದನೆಯ ಇಯತ್ತೆಯಲ್ಲಿ ಅ ಆ ತಿದ್ದುವಾಗ, ತಪ್ಪಾದರೆ ಉಗುಳು ಹಚ್ಚಿ ಅಳಿಸುವಾಗ, ಆ ಕಡ್ಡಿಯನ್ನು ಕೊಯ್ದವನ ಎದೆಯಲ್ಲಿ ಏನು ನಡೆಯುತ್ತಿತ್ತೆಂದು ನಮಗಾಗಲಿ ನಮ್ಮ ಗುರುಗಳಿಗಾಗಲಿ ತಿಳಿದಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದನ್ನು ಓದಿದ ದಿನ ಊಟ ಸೇರಲಿಲ್ಲ.

ಗುಜರಾತಿನ ಖಂಭಾತಿನಲ್ಲಿ ಅಕೀಕ್ ಮಣಿ ಮಾಡುವವರ ಕಥೆಯೂ ಇದೇ. ಸ್ವಾರಸ್ಯವೆಂದರೆ, ಇಂದಿನ ಪೀಪಾಯಿ ಯಂತ್ರದ ಹಿರಿಯಜ್ಜ ಅಲ್ಲಿಯೇ ಇದ್ದ. ಮಣಿಗಳನ್ನೂ ಕುರಂದದ ಪುಡಿಯನ್ನೂ ನೀರನ್ನೂ ತೊಗಲಿನ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಆ ಒದ್ದೆ ಕೆಲಸ ಯಾರ ಎದೆಗೂ ಕೇಡು ಮಾಡಲಿಲ್ಲ. ಕೇಡು ಮಾಡಿದ್ದು ಒಣಗಲ್ಲನ್ನು ಸಾಣೆಚಕ್ರಕ್ಕೆ ಹಿಡಿದು ಆಕಾರ ಕೊಡುವ ಕೆಲಸ. ಬಳಪದ ಕಲ್ಲಿನಲ್ಲಿ ಬೆಣಚು ಕಡಿಮೆ ನಿಜ. ಆದರೆ ಕೆಲವು ಬಳಪದ ಕಲ್ಲುಗಳಲ್ಲಿ ಕಲ್ನಾರಿನ ಎಳೆಗಳಿರುತ್ತವೆ, ಕಣ್ಣಿಗೆ ಕಾಣವು. ಆದ್ದರಿಂದ ಒಣಗಲ್ಲನ್ನು ಉಜ್ಜಲೇಬೇಡಿ. ಬೋಗುಣಿಯ ಕೆಸರನ್ನು ಬಚ್ಚಲಿಗೂ ಸುರಿಯಬೇಡಿ, ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಿತ್ತಲಲ್ಲಿ ಒಂದು ಗುಂಡಿ ತೋಡಿ ಮುಚ್ಚಿಬಿಡಿ.

ಕಲ್ಲು ಉಜ್ಜುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರ ಸುಮಾರಿಗೆ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ವಸತಿ ಬೆಳಕಿಗೆ ಬಂತು. ಅಂಚನ್ನು ಉಜ್ಜಿ ಹರಿತಗೊಳಿಸಿದ ಕಲ್ಲುಕೊಡಲಿ ಆ ಯುಗದವರ ಗುರುತು. ಅದು ಗಡಸುಗಲ್ಲಿನ ಕೆಲಸ. ಮೆದುಗಲ್ಲಿನ ಕೆಲಸ ಶಿಖರಕ್ಕೇರಿದ್ದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ. ಅದುವರೆಗೆ ಬಾದಾಮಿ, ಪಟ್ಟದಕಲ್ಲುಗಳಂತೆ ಮರಳುಗಲ್ಲಿನಲ್ಲಿ ಕಟ್ಟುತ್ತಿದ್ದವರು ಹನ್ನೊಂದನೆಯ ಶತಮಾನದ ನಡುವೆ ಬಳಪದ ಕಲ್ಲಿಗೆ ತಿರುಗಿದರು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಕಲ್ಲಿನ ಮೊದಲ ದೊಡ್ಡ ಗುಡಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಆಮೇಲೆ ಬಂಕಾಪುರದ ನಗರೇಶ್ವರ, ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ಚೌಡದಾನಪುರದ ಮುಕ್ತೇಶ್ವರ. ನಮ್ಮಲ್ಲಿ ಅನೇಕರು ಇವನ್ನು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿ, ಮೊಸರನ್ನ ತಿಂದು ಬಂದವರು!

ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿಗೆ ಮುಂದಿನ ಸಲ ಹೋದಾಗ (ನವಿಲುಗಳನ್ನು ನೋಡಿ ಮುಗಿದ ಮೇಲೆ) ಒಂದು ಕಂಬದ ಎದುರು ಸುಮ್ಮನೆ ನಿಲ್ಲಿ. ತಿರುಗಣಿಯಲ್ಲಿ ಕಡೆದ ಕಂಬಗಳವು. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಬಳೆಬಳೆಯಾಗಿ ಸುತ್ತುಗೆರೆ ತೆಗೆದು, ನಂತರ ನುಣುಪು ಮಾಡಿ ಹೊಳಪು ಕೊಟ್ಟದ್ದು. ಒಂಬೈನೂರು ವರ್ಷಗಳ ನಂತರವೂ ಕೆಲವು ಕಡೆ ಮುಖ ಮಸುಕಾಗಿ ಕಾಣುವಷ್ಟು ಹೊಳಪಿದೆ. ಎರಡು ಸಂಜೆ ಕುಳಿತು ಅಂಗೈಯಗಲದ ಕಲ್ಲಿಗೆ ಹೊಳಪು ತಂದವನಿಗೆ ಆ ಕಂಬ ಬೇರೆಯೇ ಆಗಿ ಕಾಣುತ್ತದೆ. ಎಷ್ಟು ಜನ, ಎಷ್ಟು ದಿನ, ಯಾವ ಪುಡಿ, ಎಷ್ಟು ನೀರು ಎಂದು ಕೈ ತಾನಾಗಿಯೇ ಲೆಕ್ಕ ಹಾಕತೊಡಗುತ್ತದೆ. ಗೈಡು ಹೇಳುವ ರಾಜರ ಹೆಸರುಗಳಿಗಿಂತ ಇದು ಮಕ್ಕಳಿಗೆ ಹೆಚ್ಚು ತಾಗುವುದನ್ನು ನಾನು ಕಂಡಿದ್ದೇನೆ.

ಈಗ ಹೇಳಬೇಕಾದ ಮುಖ್ಯ ಮಾತು. ನಮ್ಮ ತಾಲ್ಲೂಕಿನ ಹಳ್ಳಿಯೊಂದರಲ್ಲಿ (ಹೆಸರು ಬೇಡ, ಅಲ್ಲಿಯವರಿಗೆ ತಿಳಿಯುತ್ತದೆ) ಹನುಮಪ್ಪನ ಗುಡಿಯ ಮುಂದೆ ಐದು ವೀರಗಲ್ಲುಗಳಿದ್ದವು. ಮೆದುಗಲ್ಲಿನವೇ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ವೀರ. ಪಟ್ಟಿಗಳ ನಡುವಿನ ಅಂಚಿನಲ್ಲಿ ಎರಡು ಮೂರು ಸಾಲು ಹಳಗನ್ನಡ ಬರಹ. ಕಳೆದ ಜಾತ್ರೆಯ ಮುಂಚೆ ಗುಡಿಗೆ ಹೊಸ ಟೈಲ್ಸ್ ಹಾಕಿಸಿದಾಗ, ಟೈಲ್ಸ್ ಕೊಯ್ಯಲು ತಂದಿದ್ದ ಯಂತ್ರಕ್ಕೆ ಉಜ್ಜುವ ಬಿಲ್ಲೆ ಸಿಕ್ಕಿಸಿ ಮೊದಲ ವೀರಗಲ್ಲಿನ ಸುಣ್ಣ, ಎಣ್ಣೆಜಿಡ್ಡುಗಳನ್ನು ತೆಗೆದರು. ಹತ್ತು ನಿಮಿಷದ ಕೆಲಸವಂತೆ. ಆಮೇಲೆ ಹಳದಿ, ಕೆಂಪು ಆಯಿಲ್ ಪೇಂಟ್. ನಾನು ಹೋಗಿ ನೋಡಿದಾಗ ಹಿರಿಯರೊಬ್ಬರು ಸಂತೋಷದಿಂದಲೇ ಹೇಳಿದರು: "ಎಷ್ಟ್ ವರ್ಷದ ಹೊಲಸ ಕುಂತಿತ್ರಿ ಸರ್, ಈಗ ದೇವರಿಗೆ ಜಳಕಾ ಮಾಡ್ಸಿದಂಗ ಆಗೇತಿ ನೋಡ್ರಿ." ಅವರ ಭಕ್ತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೆ ಅಂಚಿನ ಬರಹ ಹೋಗಿತ್ತು. ಬೆರಳಾಡಿಸಿದರೆ ನುಣುಪು. ವೀರನ ಮೂಗು, ಕೈಯ ಕತ್ತಿ ಎಲ್ಲವೂ ನುಣುಪು.

ಅಕ್ಷರ ಎಷ್ಟು ಆಳ ಇದ್ದೀತು? ಮಳೆಗಾಳಿಗೆ ಸವೆದ ಇಂಥ ಕಲ್ಲುಗಳಲ್ಲಿ ಒಂದೆರಡು ಮಿಲಿಮೀಟರ್. ನಾನು ಬೋಗುಣಿಯಲ್ಲಿ 120ರ ಕಾಗದ ಹಿಡಿದು ಕೈಯಿಂದ ಉಜ್ಜಿದರೇ ಅಷ್ಟು ಪದರು ಒಂದು ಸಂಜೆಗೆ ಹೋಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಿಲ್ಲೆಗೆ ಅದು ಕ್ಷಣಗಳ ಲೆಕ್ಕ. ಕರಿಗಲ್ಲಿಗಾದರೆ ಬಿಲ್ಲೆ ತಾಗಿದಾಗ ಕೈಗೆ ಎದುರು ಒತ್ತುವಿಕೆ ತಿಳಿಯುತ್ತದೆ. ಮೆದುಗಲ್ಲು ಎದುರಾಡುವುದೇ ಇಲ್ಲ, ಹೋಗಿಬಿಡುತ್ತದೆ. ಯಂತ್ರ ಹಿಡಿದ ಹುಡುಗನಿಗೆ ಇದು ತಿಳಿಯಲು ಅವಕಾಶವೇ ಇರಲಿಲ್ಲ, ಏಕೆಂದರೆ ಅವನ ಕೈಗೆ ಎಂದೂ ಕಲ್ಲು ಸಿಕ್ಕಿರಲಿಲ್ಲ, ಯಂತ್ರವಷ್ಟೇ ಸಿಕ್ಕಿತ್ತು. ಅವನೂ ಮೂಗಿಗೆ ಬಟ್ಟೆ ಕಟ್ಟಿರಲಿಲ್ಲವೆಂದು ಬೇರೆ ಕೇಳಿದೆ.

ಕಲ್ಲಿಗೆ ಹೊಳಪು ಕೊಡುವವನೇ ಹೊಳಪು ಬೇಡವೆನ್ನುವುದು ವಿಚಿತ್ರವಲ್ಲವೇ ಎಂದು ಕೆಲವರು ಕೇಳಿದ್ದಾರೆ. ವಿಚಿತ್ರವೇನಿಲ್ಲ. ಹೊಳಪೆಂದರೆ ಮೇಲಿನಿಂದ ಹಚ್ಚುವುದಲ್ಲ, ಇದ್ದದ್ದನ್ನು ತೆಗೆಯುವುದು. ಶಿಲ್ಪಿಯ ಅಂಗಳದ ಚಕ್ಕೆಯಿಂದ ತೆಗೆದರೆ ಯಾರಿಗೂ ನಷ್ಟವಿಲ್ಲ. ವೀರಗಲ್ಲಿನ ಮೇಲ್ಮೈಯೇ ಅದರ ಸರ್ವಸ್ವ. ಎಣ್ಣೆ, ಕುಂಕುಮ ಹಚ್ಚುವುದನ್ನು ನಾನು ಆಕ್ಷೇಪಿಸುವುದಿಲ್ಲ. ನೂರಾರು ವರ್ಷಗಳಿಂದ ಹಚ್ಚುತ್ತ ಬಂದಿದ್ದಾರೆ, ಅದು ಪೂಜೆ. ಸುಣ್ಣವೂ ಅಷ್ಟು ಅಪಾಯವಲ್ಲ, ತಾಳ್ಮೆಯಿದ್ದರೆ ತೆಗೆಯಬಹುದು. ಆಯಿಲ್ ಪೇಂಟ್ ಹಾಗಲ್ಲ. ಅದು ಕಲ್ಲಿನ ಉಸಿರು ಕಟ್ಟುತ್ತದೆ; ನೆಲದಿಂದ ಏರಿದ ತೇವ ಹೊರಹೋಗಲಾರದೆ ಬಣ್ಣದ ಹಿಂದೆ ನಿಂತು, ಪದರುಗಲ್ಲನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಐದಾರು ವರ್ಷಗಳಲ್ಲಿ ಬಣ್ಣ ಎದ್ದಾಗ ಮತ್ತೆ ಬಿಲ್ಲೆ ಹಿಡಿಯುತ್ತಾರೆ.

ಬಂಕಾಪುರ, ಹಾನಗಲ್ಲುಗಳ ಗುಡಿಗಳಿಗೆ ಭಾರತೀಯ ಪುರಾತತ್ತ್ವ ಇಲಾಖೆಯ ಕಾವಲಿದೆ. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಕಾಯಿದೆ ಇದೆ. ಹಳ್ಳಿಯ ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೆ ಊರವರೇ ಕಾವಲು. ಬರಹವಿದ್ದರೆ ಶಾಸನ ಓದುವವರು ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಅಚ್ಚು ತೆಗೆಯುತ್ತಾರೆ; ಆ ಕ್ರಮದಲ್ಲಿ ಕಲ್ಲಿನಿಂದ ಒಂದು ಕಣವೂ ಹೋಗುವುದಿಲ್ಲ. ತೊಳೆಯಲೇಬೇಕಾದರೆ ಬರಿಯ ನೀರು, ತೆಂಗಿನ ನಾರೂ ಅಲ್ಲದ ಮೆತ್ತನೆಯ ಕುಂಚ ಸಾಕು.

ಆ ಊರಿನಲ್ಲಿ ಇನ್ನೂ ನಾಲ್ಕು ಕಲ್ಲುಗಳು ಹಾಗೆಯೇ ಇವೆ. ಮುಂದಿನ ಜಾತ್ರೆಯೊಳಗೆ ಅವನ್ನೂ "ಚಂದ ಮಾಡುವ" ಮಾತು ನಡೆದಿದೆ. ನಾನು ಹೋಗಿ ಹಿರಿಯರೊಡನೆ ಮಾತನಾಡಿದೆ. ನಾನೇ ಉಜ್ಜಿದ ಚಕ್ಕೆಯೊಂದರ ಮೇಲೆ ಮೊಳೆಯಿಂದ ಅವರ ಮೊಮ್ಮಗನ ಹೆಸರು ಬರೆಸಿ, 220ರ ಕಾಗದವನ್ನು ಆ ಹುಡುಗನ ಕೈಗೇ ಕೊಟ್ಟು ಉಜ್ಜಿಸಿದೆ. ಹೆಸರು ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿರಿಯರು ಚಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕಮಿಟಿಯವರಿಗೆ ಹೇಳ್ತೀನ್ರಿ" ಎಂದರು. ಕಮಿಟಿಯ ಬಹುಪಾಲು ಹಣ ಊರು ಬಿಟ್ಟು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ದುಡಿಯುವವರಿಂದ ಬರುತ್ತದೆ. ಅವರಲ್ಲಿ ಹಲವರು ಈ ಬರಹವನ್ನು ಓದುವ ನೀವೇ. ಈ ಸಲ ಪಟ್ಟಿ ಕಳಿಸುವಾಗ ಗುಡಿಯ ಮುಂದಿನ ನಾಲ್ಕು ಕಲ್ಲುಗಳ ಮಾತು ಎತ್ತಿ. ಹಣ ಯಾವುದಕ್ಕೆ, ಯಾವುದಕ್ಕಲ್ಲ ಎಂದು ಚೀಟಿಯಲ್ಲಿ ಬರೆದೇ ಕಳಿಸಿ.